ಅಕ್ಷರದ ಹರಟೆಕಟ್ಟೆ

(ಚಿಕ್ಕಪೇಟೆಯಲ್ಲಿ ಈಚೆಗೆ ಸೇರಿದ್ದ ಗೆಳೆಯರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಕಟ್ಟಡದ ಮೆಟ್ಟಿಲಿಳಿದು ಹೊರಬಿದ್ದರೆ ಚಿಕ್ಕಪೇಟೆಯ ಬೀದಿ. ಸ್ವಲ್ಪ ನಡೆದರೆ ಅವೆನ್ಯೂ ರಸ್ತೆ, ಅಂದರೆ ನಮ್ಮ ಹಿರಿಯರ ದೊಡ್ಡಪೇಟೆ. ಈ ಎರಡು ಪೇಟೆಗಳು ಕೂಡುವ ಚೌಕದಿಂದಲೇ 1537ರಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೆ ನಾಲ್ಕು ನೇಗಿಲು ಹೊಡೆಸಿದರು ಎಂಬ ಪ್ರತೀತಿ ನಿಮಗೆಲ್ಲ ಗೊತ್ತೇ ಇದೆ. ನೇಗಿಲ ಸಾಲಿನ ಮೇಲೆ ಬೀದಿಯಾಯಿತು, ಬೀದಿಯ ಮೇಲೆ ಅಂಗಡಿಯಾಯಿತು, ಅಂಗಡಿಯ ಮುಂದೆ ಜಗಲಿಯಾಯಿತು. ವ್ಯಾಪಾರ ಒಳಗೆ, ಮಾತು ಜಗಲಿಯ ಮೇಲೆ. ಒಳಗೆ ಗುಮಾಸ್ತ ಪೈಸೆ ಪೈಸೆಗೂ ಲೆಕ್ಕ ಬರೆಯುತ್ತಿದ್ದ. ಜಗಲಿಯ ಮಾತಿಗೆ ಖಾತೆಪುಸ್ತಕ ಇರಲಿಲ್ಲ. ಯಾರು ಬೇಕಾದರೂ ಬಂದು ಕೂರಬಹುದಿತ್ತು, ಹೇಳಿದ್ದು ಗಾಳಿಗೆ ಹೋಗುತ್ತಿತ್ತು.

ಇವತ್ತು ನಾನು ಹೇಳಹೊರಟಿರುವುದು ಕಲ್ಲೂ ಗಾರೆಯೂ ಇಲ್ಲದ, ಬರೀ ಅಕ್ಷರದಿಂದ ಕಟ್ಟಿದ ಒಂದು ಜಗಲಿಯ ಕಥೆ. ಅದರ ಹೆಸರು ‘ಇಂಟರ್‌ನೆಟ್ ರಿಲೇ ಚಾಟ್’. ಬಳಕೆಯವರ ಬಾಯಲ್ಲಿ ‘ಐಆರ್‌ಸಿ’. ನಲವತ್ತು ದಾಟಿದ ಕೆಲವರು ಇಲ್ಲಿ ಆಗಲೇ ನಗುತ್ತಿದ್ದೀರಿ. ಮಿಕ್ಕವರಿಗೆ ಮೊದಲಿಂದ ಹೇಳುತ್ತೇನೆ.

1999ರ ಸುಮಾರಿನ ಒಂದು ಸೈಬರ್ ಕೆಫೆಯನ್ನು ನೆನಪಿಸಿಕೊಳ್ಳಿ. ಪ್ಲೈವುಡ್ ಅಡ್ಡಗೋಡೆಗಳು, ಒಂದೊಂದು ಗೂಡಿಗೂ ಒಂದು ಕುರ್ಚಿ, ಗಂಟೆಗೆ 40 ರೂಪಾಯಿ ಕೊಟ್ಟದ್ದು ನನಗೆ ನೆನಪು. ಮೋಡೆಮ್ಮು ಕೀ ಕೀ ಎಂದು ಅರಚಿ, ಗೊರ ಗೊರ ಎಂದು ಕೆಮ್ಮಿ, ಕಡೆಗೆ ಸುಮ್ಮನಾದರೆ ಸಂಪರ್ಕ ಸಿಕ್ಕಿತೆಂದು ಅರ್ಥ. ಪರದೆಯ ಮೇಲೆ ಒಂದು ಬಿಳಿಯ ಹಾಳೆ. ಚಿತ್ರವಿಲ್ಲ, ಬಣ್ಣವಿಲ್ಲ, ನಗುವ ಹಳದಿ ಮುಖವಿಲ್ಲ. ಬಲಕ್ಕೆ ಹೆಸರುಗಳ ಪಟ್ಟಿ. ಕೆಳಗೆ ಒಂದು ಸಾಲು ಬರೆಯುವಷ್ಟು ಜಾಗ. ನೀವು ಬರೆದು ಒತ್ತಿದ ಸಾಲು ಕಣ್ಣುಮಿಟುಕಿಸುವಷ್ಟರಲ್ಲಿ ಡೆಟ್ರಾಯಿಟ್‌ನಲ್ಲಿ, ದುಬೈಯಲ್ಲಿ, ಪಕ್ಕದ ಗೂಡಿನಲ್ಲಿ ಒಟ್ಟಿಗೆ ಕಾಣುತ್ತಿತ್ತು. ಅಮೆರಿಕಕ್ಕೆ ಫೋನ್ ಮಾಡಲು ನಿಮಿಷಕ್ಕೆ ಹತ್ತಾರು ರೂಪಾಯಿ ಎಣಿಸಬೇಕಾಗಿದ್ದ, ಹಳದಿ ಬೋರ್ಡಿನ ಎಸ್‌ಟಿಡಿ ಬೂತಿನಲ್ಲಿ ಮೀಟರಿನ ಕೆಂಪು ಅಂಕಿ ನೋಡುತ್ತಲೇ ಮಾತಾಡಬೇಕಾಗಿದ್ದ ಕಾಲ ಅದು. ಅಂಥ ಕಾಲದಲ್ಲಿ ಒಂದು ಗಂಟೆ ಹರಟೆ, ಅದೂ ಹತ್ತು ಜನರ ಜೊತೆ!

ಇದನ್ನು ಹುಟ್ಟಿಸಿದವನು ಫಿನ್ಲೆಂಡಿನ ಒಬ್ಬ ತರುಣ. ಹೆಸರು ಯಾರ್ಕೊ ಓಯ್ಕರಿನೆನ್. ಔಲು ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಗಣಕಯಂತ್ರ ನೋಡಿಕೊಳ್ಳುತ್ತಿದ್ದ. ಬಿಡುವಿನ ವೇಳೆಯಲ್ಲಿ, 1988ರ ಆಗಸ್ಟ್‌ನಲ್ಲಿ, ಅಲ್ಲಿನ ವಿದ್ಯುನ್ಮಾನ ಸೂಚನಾಫಲಕದಲ್ಲಿ ಜನ ಒಟ್ಟಿಗೆ ಮಾತಾಡಲೆಂದು ಒಂದು ಪುಟ್ಟ ಕ್ರಮವಿಧಿ ಬರೆದ. ಅವನಿಗಿಂತ ಮುಂಚೆಯೂ ಇಂಥವು ಇದ್ದವು ಅನ್ನಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ ಯಂತ್ರದಲ್ಲಿ 1973ರಲ್ಲೇ ಹಲವರು ಒಂದೇ ಪರದೆಯಲ್ಲಿ ಹರಟಿದ್ದರು. ಆದರೆ ಅದು ಒಂದು ಮನೆಯ ಹಜಾರ. ಓಯ್ಕರಿನೆನ್‌ನ ಕೆಲಸದ ಸೊಗಸು ಏನೆಂದರೆ, ಒಂದು ಯಂತ್ರವನ್ನು ಇನ್ನೊಂದಕ್ಕೆ, ಅದನ್ನು ಮತ್ತೊಂದಕ್ಕೆ ಹೆಣೆಯುತ್ತ ಹೋಗಬಹುದಿತ್ತು. ಹೆಣೆಯಲು ಯಾವ ಕಂಪನಿಯ ಒಪ್ಪಿಗೆಯೂ ಬೇಕಿರಲಿಲ್ಲ. ನಿಯಮಗಳನ್ನು ಅವನೂ ಡ್ಯಾರೆನ್ ರೀಡ್ ಎಂಬ ಇನ್ನೊಬ್ಬನೂ ಸೇರಿ 1993ರ ಮೇ ತಿಂಗಳಲ್ಲಿ ಬರೆದು ಲೋಕಕ್ಕೆ ಬಿಟ್ಟರು. ಅದನ್ನು ಓದಿ ಯಾರು ಬೇಕಾದರೂ ತಮ್ಮದೇ ಕಟ್ಟೆ ಕಟ್ಟಬಹುದಿತ್ತು. ಈಗಲೂ ಕಟ್ಟಬಹುದು.

ಒಳಗಿನ ಕೆಲಸ ಹೇಗೆ? ನಮ್ಮ ಹಳೆಯ ಅಂಚೆಯ ಹಾಗೆ ಎಂದುಕೊಳ್ಳಿ. ಪ್ರತಿ ಸರ್ವರ್ ಒಂದು ಅಂಚೆಕಚೇರಿ. ಎಲ್ಲ ಕಚೇರಿಗಳೂ ಮರದ ಕೊಂಬೆಗಳಂತೆ ಕೂಡಿಕೊಂಡಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಒಂದೇ ದಾರಿ. ನೀವು ಯಾವುದೋ ಒಂದು ಕೊಂಬೆಯ ಮೇಲೆ ಕೂತಿರುತ್ತೀರಿ. ನಿಮ್ಮ ಸಾಲು, ಆ ಕೋಣೆಯಲ್ಲಿ ಜನರಿರುವ ಕೊಂಬೆಗಳಿಗೆ ಮಾತ್ರ ಹರಿದು ಹೋಗುತ್ತದೆ. ಆಗಾಗ ಸರ್ವರ್ ನಿಮ್ಮನ್ನು ‘ಪಿಂಗ್’ ಎಂದು ಕೇಳುತ್ತದೆ. ನಿಮ್ಮ ಯಂತ್ರ ‘ಪಾಂಗ್’ ಎಂದು ಓಗೊಡಬೇಕು. ರಾತ್ರಿ ಗಸ್ತಿನವನು ಕೋಲು ಕುಟ್ಟಿ, ಮನೆಯೊಳಗಿಂದ ಕೆಮ್ಮು ಕೇಳಿಸಿದರೆ ಮುಂದೆ ಹೋಗುವ ಹಾಗೆ. ಕೆಮ್ಮದಿದ್ದರೆ ನಿಮ್ಮ ಹೆಸರು ಪಟ್ಟಿಯಿಂದ ಅಳಿಸಿಹೋಗುತ್ತದೆ.

ಕೋಣೆಯ ಕಥೆ ಇನ್ನೂ ಚೆಂದ. ‘#’ ಗುರುತು ಹಾಕಿ ಒಂದು ಹೆಸರು ಬರೆದರೆ ಆಯಿತು, ಆ ಹೆಸರಿನ ಕೋಣೆಗೆ ಹೋಗುತ್ತೀರಿ. ಅಂಥ ಕೋಣೆ ಇಲ್ಲದಿದ್ದರೆ? ಆ ಕ್ಷಣಕ್ಕೆ ಹುಟ್ಟುತ್ತದೆ. ಮೊದಲು ಕಾಲಿಟ್ಟವರೇ ಯಜಮಾನರು. ಅವರ ಹೆಸರಿನ ಮುಂದೆ ‘@’ ಗುರುತು ಬೀಳುತ್ತದೆ. ಅವರು ಯಾರನ್ನು ಬೇಕಾದರೂ ಹೊರಗೆ ಅಟ್ಟಬಹುದು, ಬಾಗಿಲು ಹಾಕಬಹುದು, ಇನ್ನೊಬ್ಬರಿಗೆ ಯಜಮಾನಿಕೆ ಹಂಚಬಹುದು. ಕಡೆಯವರು ಎದ್ದುಹೋದರೆ ಕೋಣೆಯೇ ಇಲ್ಲವಾಗುತ್ತದೆ. ನೆನಪಿಲ್ಲ, ಕಸವಿಲ್ಲ, ಬಹಿಷ್ಕಾರದ ಪಟ್ಟಿಯೂ ಇಲ್ಲ. ನೀವು ಬರುವ ಮುಂಚೆ ಅಲ್ಲಿ ಏನು ಮಾತಾಯಿತು ಎಂದು ಯಂತ್ರವನ್ನು ಕೇಳಿದರೆ ಅದಕ್ಕೆ ಗೊತ್ತಿಲ್ಲ. ಈಗಿನ ಮಕ್ಕಳಿಗೆ ಇದು ನಂಬಲಾಗದ ಮಾತು. ಅವರ ಫೋನಿನಲ್ಲಿ ಹೋದ ವರ್ಷದ ಜಗಳವೂ ತಾರೀಕು ಸಮೇತ ಇರುತ್ತದೆ.

ಇಬ್ಬರೇ ಗುಟ್ಟು ಮಾತಾಡುವುದಕ್ಕೂ ದಾರಿ ಇತ್ತು. ದನಗಳ ಜಾತ್ರೆಯಲ್ಲಿ ನೋಡಿದ್ದೀರಲ್ಲ, ಸುತ್ತ ನೂರು ಜನ ನಿಂತಿರುವಾಗಲೇ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಹಾಗೆಯೇ ಇಲ್ಲಿ ಖಾಸಗಿ ಸಂದೇಶ. ಕೋಣೆಯ ಮಾತು ಮೇಲೆ, ಬೆರಳಿನ ಮಾತು ಕೆಳಗೆ.

ಈ ಮರಕ್ಕೆ ಒಂದು ದೊಡ್ಡ ಕಾಯಿಲೆ ಉಂಟು. ಎರಡು ಅಂಚೆಕಚೇರಿಗಳ ನಡುವಿನ ತಂತಿ ಕಡಿದರೆ ಮರ ಎರಡು ಹೋಳು. ಒಂದೇ ಸಲಕ್ಕೆ ಇಪ್ಪತ್ತು ಮಂದಿ ‘ಹೊರಟುಹೋದರು’ ಎಂದು ಪರದೆಯಲ್ಲಿ ಸಾಲುಸಾಲಾಗಿ ಬೀಳುತ್ತದೆ. ಅವರು ಎಲ್ಲೂ ಹೋಗಿರುವುದಿಲ್ಲ. ಆ ಕಡೆಯ ಹೋಳಿನಲ್ಲಿ ಕೂತು, ನೀವೇ ಹೊರಟುಹೋದಿರಿ ಎಂದುಕೊಂಡು ಮಾತು ಮುಂದುವರಿಸಿರುತ್ತಾರೆ. ಇದಕ್ಕೆ ‘ನೆಟ್‌ಸ್ಪ್ಲಿಟ್’ ಎಂದು ಹೆಸರು. ಐದು ನಿಮಿಷಕ್ಕೋ ಐವತ್ತು ನಿಮಿಷಕ್ಕೋ ತಂತಿ ಕೂಡಿದಾಗ ಎಲ್ಲರೂ ದಡಬಡ ವಾಪಸಾಗುತ್ತಾರೆ. ಕಿಲಾಡಿಗಳು ಇದನ್ನೇ ಕಾಯುತ್ತಿದ್ದರು. ಒಡೆದ ಹೋಳಿನಲ್ಲಿ ಖಾಲಿ ಬಿದ್ದ ಕೋಣೆಗೆ ಮೊದಲು ಹೊಕ್ಕು ಯಜಮಾನಿಕೆ ಗಿಟ್ಟಿಸಿ, ಕೂಡಿದ ಮೇಲೆ ನಿಜವಾದ ಯಜಮಾನರನ್ನು ಹೊರಗೆ ತಳ್ಳುವುದು! ಪಾಳೆಯಗಾರರ ಕಾಲದ ಕೋಟೆ ಹಿಡಿಯುವ ಆಟ. ಕೋಟೆ ಕಾಯಲು ಜನ ಬೊಂಬೆಗಳನ್ನು ಕೂರಿಸಿದರು. ಬೊಂಬೆ ಅಂದರೆ ನಿದ್ದೆಯಿಲ್ಲದೆ ಕೋಣೆಯಲ್ಲೇ ಕೂತಿರುವ ಕ್ರಮವಿಧಿ, ‘ಬಾಟ್’. 1993ರಲ್ಲಿ ಬಂದ ‘ಎಗ್‌ಡ್ರಾಪ್’ ಎಂಬುದು ಇವುಗಳ ಪೈಕಿ ಪ್ರಸಿದ್ಧ. ಇವತ್ತು ಬ್ಯಾಂಕಿನ ತಾಣದಲ್ಲಿ ನಿಮಗೆ ನಮಸ್ಕಾರ ಹೇಳುವ ಯಂತ್ರಮಾನವನಿಗೆ ಈ ಬಾಗಿಲು ಕಾಯುವವನು ದೊಡ್ಡಪ್ಪನಾಗಬೇಕು.

ಈಗ ನಮ್ಮ ಊರಿಗೆ ಬರೋಣ. ನಮ್ಮಲ್ಲಿ ಇಂಟರ್‌ನೆಟ್ಟು 1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಮೂಲಕ ಬಂತು ಎಂಬುದು ಶಾಲೆಯ ಪ್ರಶ್ನೋತ್ತರದ ಉತ್ತರ. ಸರಿಯೇ, ಆದರೆ ಅದು ಸಾರ್ವಜನಿಕರಿಗೆ ಬಂದ ದಿನ. 1986ರಲ್ಲಿ ಶುರುವಾದ ‘ಅರ್ನೆಟ್’ ಎಂಬ ಶೈಕ್ಷಣಿಕ ಜಾಲದ ಮೊದಲ ಎಂಟು ಸಂಸ್ಥೆಗಳಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟೂ ಒಂದು. ಮಲ್ಲೇಶ್ವರದಿಂದ ಕೂಗಳತೆಯ ದೂರದಲ್ಲಿ ವಿಜ್ಞಾನಿಗಳು ಹೊರದೇಶಗಳಿಗೆ ಪತ್ರ ಬರೆಯುತ್ತಿದ್ದಾಗ ನಾವು ಎಂಟನೇ ಕ್ರಾಸಿನಲ್ಲಿ ಮಾವಿನಕಾಯಿ ಚೌಕಾಸಿ ಮಾಡುತ್ತಿದ್ದೆವು.

ವಿಶ್ವವಿದ್ಯಾಲಯದ ಗೇಟಿನ ಹೊರಗೆ ಇದ್ದವರ ಕಥೆ ಬೇರೆ. 1989ರಲ್ಲಿ ಬೆಂಗಳೂರಿನಲ್ಲಿ ಅತುಲ್ ಚಿಟ್ನಿಸ್ ‘ಸಿಐಎಕ್ಸ್’ ಎಂಬ ವಿದ್ಯುನ್ಮಾನ ಸೂಚನಾಫಲಕ ನಡೆಸತೊಡಗಿದರು. ದೇಶದ ಮೊದಮೊದಲ ಫಲಕಗಳಲ್ಲಿ ಅದೊಂದು. ಇಂಟರ್‌ನೆಟ್ ಅಲ್ಲ ಅದು. ಒಂದು ಗಣಕಯಂತ್ರ, ಅದಕ್ಕೆ ದೂರವಾಣಿ, ನಡುವೆ ಮೋಡೆಮ್. ನಿಮ್ಮ ಮನೆಯಿಂದ ಆ ನಂಬರಿಗೆ ಫೋನು ಹಚ್ಚಿ ಒಳಹೊಕ್ಕರೆ ಬೇರೆಯವರು ಬರೆದಿಟ್ಟ ಮಾತು ಓದಬಹುದು, ನಿಮ್ಮದನ್ನು ಬರೆದಿಡಬಹುದು. ಲೈನು ಒಂದೇ ಇರುವ ಫಲಕವಾದರೆ ಒಬ್ಬರು ಹೊರಟ ಮೇಲೆ ಇನ್ನೊಬ್ಬರು. ಒಂದೇ ಬಚ್ಚಲಿರುವ ವಠಾರದ ಶಿಸ್ತು! 1994ರಲ್ಲಿ ದೂರಸಂಪರ್ಕ ಇಲಾಖೆ ಇಂಥ ಹವ್ಯಾಸಿ ಫಲಕಗಳ ಮೇಲೂ ವರ್ಷಕ್ಕೆ ಲಕ್ಷಗಟ್ಟಲೆ ರೂಪಾಯಿ ಪರವಾನಗಿ ಶುಲ್ಕ ಹೇರಲು ಹೊರಟಾಗ ದೇಶದ ಬೇರೆಬೇರೆ ಊರುಗಳ ಹವ್ಯಾಸಿಗಳು ಪ್ರತಿಭಟಿಸಿದರು. ಜಗಲಿಯ ಮೇಲೆ ಕೂತದ್ದಕ್ಕೆ ಸುಂಕ ಕೇಳಿದಂತಾಗಿತ್ತು ಅವರಿಗೆ. ಚಿಟ್ನಿಸ್ ಅವರು 2013ರಲ್ಲಿ ತೀರಿಕೊಂಡರು. ಈ ಊರನ್ನು ‘ಸಿಲಿಕಾನ್ ಕಣಿವೆ’ ಎಂದು ಹೊಗಳುವ ಭಾಷಣಗಳಲ್ಲಿ ಆ ಮೊದಲ ಫಲಕದ ಮಾತು ಬರುವುದನ್ನು ನಾನಂತೂ ಹೆಚ್ಚು ಕೇಳಿಲ್ಲ.

ಆಮೇಲೆ ವಿಎಸ್‌ಎನ್‌ಎಲ್ ಬಂತು. ವಿದ್ಯಾರ್ಥಿಗಳಿಗೆ ಕಡಿಮೆ ದರದ ಖಾತೆ ಕೊಟ್ಟರು, ಅದು ಅಕ್ಷರ ಮಾತ್ರದ ಖಾತೆ. ಚಿತ್ರ ನೋಡಬೇಕೆಂದರೆ ದುಬಾರಿ ಖಾತೆ. ಬಡವರ ಮಕ್ಕಳು ಅಕ್ಷರದಲ್ಲೇ ಲೋಕ ನೋಡಿದರು ಎನ್ನುವುದು ಸ್ವಲ್ಪ ಅತಿಯಾದೀತು, ಯಾಕೆಂದರೆ ಬಡವರ ಮನೆಯಲ್ಲಿ ಗಣಕಯಂತ್ರವೇ ಇರಲಿಲ್ಲ. ಇದ್ದದ್ದು ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಆಯ್ದು ತಂದು ಜೋಡಿಸಿಕೊಂಡ ಮಧ್ಯಮವರ್ಗದ ಮನೆಗಳಲ್ಲಿ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ‘ಕಾಫಿ ಡೇ’ಯವರ ಮೊದಲ ಅಂಗಡಿ ತೆರೆದದ್ದು ಸೈಬರ್ ಕೆಫೆಯಾಗಿಯೇ. ಮೂರು ನಾಲ್ಕು ವರ್ಷಗಳಲ್ಲಿ ಗಾಂಧಿ ಬಜಾರಿನಿಂದ ಸಂಪಿಗೆ ರಸ್ತೆಯವರೆಗೆ ಗೂಡುಗಳು ತಲೆಯೆತ್ತಿದವು. ಅಲ್ಲೆಲ್ಲ ಕಾಣುತ್ತಿದ್ದ ಕ್ರಮವಿಧಿ ‘ಎಂಐಆರ್‌ಸಿ’. ಖಾಲಿದ್ ಮರ್ದಮ್‌ ಬೇ ಎಂಬಾತ 1995ರಲ್ಲಿ ಬರೆದದ್ದು. ಅದರಲ್ಲೊಂದು ತಮಾಷೆಯ ಆಜ್ಞೆ ಇತ್ತು. ಯಾರ ಹೆಸರಿನ ಮೇಲಾದರೂ ಒತ್ತಿದರೆ, ಇಂಥವರು ಇಂಥವರಿಗೆ ದೊಡ್ಡದೊಂದು ಮೀನಿನಿಂದ ಬಾರಿಸಿದರು ಎಂದು ಪರದೆಯ ಮೇಲೆ ಬೀಳುತ್ತಿತ್ತು. ಮಡಿವಂತರ ಮನೆಯ ಹುಡುಗರು ಅಜ್ಜಿ ನೋಡದಂತೆ ಪರಸ್ಪರ ಮೀನಿನಲ್ಲಿ ಹೊಡೆದಾಡಿಕೊಂಡರು.

ಹೆಸರಿನ ಮಾತು ಹೇಳಲೇಬೇಕು. ಮೂಲ ನಿಯಮದ ಪ್ರಕಾರ ಅಡ್ಡಹೆಸರಿಗೆ ಒಂಬತ್ತೇ ಅಕ್ಷರ, ಇಂಗ್ಲಿಷ್ ಲಿಪಿಯಲ್ಲಿ. ‘ಚಿಕ್‌ಪೇಟ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ಎಂಟು ಅಕ್ಷರ, ಹಿಡಿಯಿತು. ‘ಬಸವನಗುಡಿ’ಗೆ ಹನ್ನೆರಡು ಬೇಕು, ಒಂಬತ್ತಕ್ಕೆ ಕತ್ತರಿಸಿದರೆ ‘ಬಸವನಗ್’. ಗುಡಿಯೇ ಹೋಯಿತು! ಮಲ್ಲೇಶ್ವರದ ಪಾಡೂ ಅದೇ. ಚಾಮರಾಜಪೇಟೆಯವನಾದ ನಾನು ಪೇಟೆ ಬಿಟ್ಟು ಬರೀ ರಾಜನಾಗಿದ್ದೆ. 1994ರಲ್ಲಿ ಹುಟ್ಟಿದ ‘ಡಾಲ್‌ನೆಟ್’ ಎಂಬ ಜಾಲ ಮೂವತ್ತು ಅಕ್ಷರದವರೆಗೆ ಅವಕಾಶ ಕೊಟ್ಟಿತು, ಹೆಸರನ್ನು ಗುಪ್ತಪದ ಹಾಕಿ ನೋಂದಾಯಿಸಿಕೊಳ್ಳುವುದಕ್ಕೂ ಬಿಟ್ಟಿತು. ಹಳೆಯ ಜಾಲಗಳಲ್ಲಿ ನೀವು ಊಟಕ್ಕೆ ಎದ್ದುಹೋದರೆ ನಿಮ್ಮ ಹೆಸರಿನಲ್ಲಿ ಇನ್ನೊಬ್ಬ ಬಂದು ಕೂರಬಹುದಿತ್ತು, ಬಸ್ಸಿನ ಸೀಟಿನ ಹಾಗೆ.

ಒಂಬತ್ತಕ್ಷರದಲ್ಲಿ ಮನೆತನದ ಹೆಸರಿಗೆ ಜಾಗವಿಲ್ಲ. ಇದನ್ನು ಸ್ವಲ್ಪ ಯೋಚಿಸಿ ನೋಡಿ. ಮೊದಲಿಗೆ ನಾನು, ಜಗಲಿಯ ಮೇಲೆ ಯಾರು ಬೇಕಾದರೂ ಕೂರಬಹುದಿತ್ತು ಎಂದೆ. ಅದು ನಿಜವಲ್ಲ. ಹೆಂಗಸರು ಅಲ್ಲಿ ಕೂರುತ್ತಿರಲಿಲ್ಲ. ಕೆಲವು ಜಾತಿಯವರನ್ನು ಕೂರಿಸುತ್ತಿರಲಿಲ್ಲ. ಅವರು ಕೆಳಗೆ ನಿಂತೇ ಮಾತಾಡಬೇಕಿತ್ತು. ಈ ಅಕ್ಷರದ ಕಟ್ಟೆಯಲ್ಲಿ ಮುಖವಿಲ್ಲ, ಮೈಬಣ್ಣವಿಲ್ಲ, ‘ಯಾರ ಪೈಕಿ?’ ಎಂಬ ಪ್ರಶ್ನೆಗೆ ಉತ್ತರಿಸುವ ಹಂಗಿಲ್ಲ. ಬಾಡಿಗೆ ಮನೆಯ ಬಾಗಿಲಲ್ಲಿ ಕೇಳುವ ಆ ಪ್ರಶ್ನೆ ಕೇಳಿಸದ ಹರಟೆ ನಮ್ಮ ಹಳೆಯ ಬಡಾವಣೆಗಳ ಹುಡುಗರಿಗೆ ಹೊಸದು. ಹಾಗೆಂದು ಸ್ವರ್ಗವೇನೂ ಅಲ್ಲ. ಅಲ್ಲಿ ಆ ಪ್ರಶ್ನೆಯ ಜಾಗದಲ್ಲಿ ಮೂರಕ್ಷರದ ಇನ್ನೊಂದು ಪ್ರಶ್ನೆ ಇತ್ತು: ‘ಎಎಸ್‌ಎಲ್?’ ವಯಸ್ಸು, ಗಂಡೋ ಹೆಣ್ಣೋ, ಊರು ಯಾವುದು. ಹೆಣ್ಣಿನ ಹೆಸರು ಹೊತ್ತು ಬಂದವರ ಪರದೆಯ ಮೇಲೆ ಎರಡೇ ನಿಮಿಷದಲ್ಲಿ ಹತ್ತಾರು ಟವೆಲ್ಲುಗಳು ಚಾಚುತ್ತಿದ್ದವು. ಎಷ್ಟೋ ಹೆಣ್ಣುಮಕ್ಕಳು ಗಂಡುಹೆಸರಿನಲ್ಲಿ ನೆಮ್ಮದಿಯಾಗಿ ಕೂತಿದ್ದರು, ಎಷ್ಟೋ ಗಂಡುಮಕ್ಕಳು ಹೆಣ್ಣಾಗಿ ನಟಿಸಿ ಇತರರನ್ನು ಕುಣಿಸಿದರು. ಬಾಗಿಲಿಗೆ ಇನ್ನೊಂದು ದೊಡ್ಡ ಬೀಗವೂ ಇತ್ತು. ಅದು ಇಂಗ್ಲಿಷ್.

ನನಗೆ ಇವತ್ತು ಮುಖ್ಯವಾಗಿ ಹೇಳಬೇಕೆನಿಸಿರುವುದು ಇದನ್ನೇ. ಈ ಜಾಲದಲ್ಲಿ ಕನ್ನಡ ಏನಾಯಿತು?

ಫಿನ್ಲೆಂಡಿನವರು ತಮ್ಮ ಭಾಷೆಗೆ ಹಿತ್ತಲ ಬಾಗಿಲೊಂದನ್ನು ಇಟ್ಟುಕೊಂಡಿದ್ದರು. ಆ ದೇಶದ ಕೀಲಿಮಣೆಯಲ್ಲಿ ಚೌಕ ಆವರಣ ಮತ್ತು ಹೂ ಆವರಣದ ಚಿಹ್ನೆಗಳ ಜಾಗದಲ್ಲಿ ಅವರ ಭಾಷೆಯ ಚುಕ್ಕೆಯಿಟ್ಟ ಸ್ವರಾಕ್ಷರಗಳು ಕೂತಿದ್ದವು. ಆದ್ದರಿಂದ ಐಆರ್‌ಸಿಯ ನಿಯಮದಲ್ಲಿ ಚೌಕ ಆವರಣವನ್ನು ಹೂ ಆವರಣದ ‘ದೊಡ್ಡಕ್ಷರ’ ಎಂದೇ ಎಣಿಸಬೇಕು ಎಂದು ಬರೆದರು. ಕಾರಣವನ್ನೂ ಅಲ್ಲೇ ನಮೂದಿಸಿದರು. ಓದಿದ ಹೊರಗಿನವರಿಗೆ ಹುಚ್ಚು ಅನ್ನಿಸುತ್ತದೆ. ತನ್ನ ಭಾಷೆಯ ಎರಡು ಮೂರು ಸ್ವರಗಳಿಗಾಗಿ ಲೋಕದ ನಿಯಮವನ್ನೇ ಕೊಂಚ ಬಗ್ಗಿಸಿದ ಆ ಹುಡುಗನ ಮೇಲೆ ನನಗೆ ಹೊಟ್ಟೆಕಿಚ್ಚು.

ಕನ್ನಡಕ್ಕೆ ಅಂಥ ಬಾಗಿಲು ಇರಲಿಲ್ಲ. 1991ರ ಯೂನಿಕೋಡಿನಲ್ಲಿ ನಮ್ಮ ಲಿಪಿಗೆ ಜಾಗ ಸಿಕ್ಕಿತ್ತು, ಕಾಗದದ ಮೇಲೆ. ವಿಂಡೋಸ್ ಯಂತ್ರಗಳಲ್ಲಿ ಕನ್ನಡದ ಯೂನಿಕೋಡ್ ಕಂಡದ್ದು 2001ರ ಎಕ್ಸ್‌ಪಿಯ ಹೊತ್ತಿಗೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಇವುಗಳಿಂದ ಪತ್ರ ಬರೆದೆವು, ಮದುವೆಯ ಕರೆಯೋಲೆ ಅಚ್ಚಿಸಿದೆವು. ಆದರೆ ಅವುಗಳ ಮೊದಲ ದಿನಗಳಲ್ಲಿ ಅಕ್ಷರವೆಂದರೆ ಫಾಂಟು. ಅದೇ ಫಾಂಟು ಎದುರಿಗಿದ್ದವರ ಯಂತ್ರದಲ್ಲಿ ಇಲ್ಲದಿದ್ದರೆ ನಿಮ್ಮ ಕನ್ನಡ ಅವರಿಗೆ ಜಿರಲೆ ಓಡಾಡಿದ ಗುರುತಿನಂತೆ ಕಾಣುತ್ತಿತ್ತು. ಹರಟೆಗೆ ಅದು ಒದಗಲಿಲ್ಲ.

ಹೀಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಿದೆವು. ‘ಹಳ್ಳಿ’ ಎಂದು ಬರೆದರೆ ‘ಹಲ್ಲಿ’ ಎಂದೂ ಓದಬಹುದು. ‘ನಮ್ಮ ಹಳ್ಳಿಗೆ ಬನ್ನಿ’ ಎಂದು ಕರೆದರೆ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟುತ್ತಿತ್ತು. ‘ಬಳೆ’ಯೂ ‘ಬಲೆ’ಯೂ ಒಂದೇ, ‘ಮನೆ’ಯೂ ‘ಮಣೆ’ಯೂ ಒಂದೇ. ಇದಕ್ಕೆ ಪಂಡಿತರ ಪರಿಹಾರ ಇತ್ತು: ಮೂರ್ಧನ್ಯಕ್ಕೂ ದೀರ್ಘಕ್ಕೂ ದೊಡ್ಡಕ್ಷರ ಬಳಸಿ ಎಂದು. ಆದರೆ ಹರಟೆಕೋಣೆಯ ಶಿಷ್ಟಾಚಾರದಲ್ಲಿ ದೊಡ್ಡಕ್ಷರ ಎಂದರೆ ಕಿರುಚಾಟ! ಶುದ್ಧವಾಗಿ ಬರೆಯಹೋದ ಕನ್ನಡಿಗನಿಗೆ ಕನ್ನಡ ಬಾರದ ಕಾವಲಿನವನು ‘ಯಾಕೆ ಅರಚುತ್ತೀ?’ ಎಂದು ಗದರಿ ಹೊರಗೆ ಹಾಕಿದ್ದನ್ನು ನಾನೇ ಕಂಡಿದ್ದೇನೆ. ಆದ್ದರಿಂದ ಸಣ್ಣಕ್ಷರದಲ್ಲೇ, ತಪ್ಪಾಗಿಯೇ, ಬರೆದೆವು. ಓದುವವರು ಸಂದರ್ಭ ನೋಡಿ ಅರ್ಥ ಮಾಡಿಕೊಂಡರು.

ಇದನ್ನು ಕನ್ನಡದ ಅವಮಾನ ಎಂದು ಎಷ್ಟೋ ಜನ ಬೇಸರಪಟ್ಟಿದ್ದಾರೆ. ನಾನು ಅರ್ಧ ಒಪ್ಪುತ್ತೇನೆ. ಮಿಕ್ಕ ಅರ್ಧ ಹೇಳಿ ಮುಂದೆ ಹೋಗುತ್ತೇನೆ. ಅಲ್ಲಿಯವರೆಗೆ ನಾವು ಬರೆಯುತ್ತಿದ್ದ ಕನ್ನಡ ಯಾವುದು? ‘ಕ್ಷೇಮ, ಕ್ಷೇಮಕ್ಕೆ ಪತ್ರ’ದ ಕನ್ನಡ. ಪರೀಕ್ಷೆಯ ಕನ್ನಡ. ಮಾತಾಡುವ ಕನ್ನಡವನ್ನು ಕಾದಂಬರಿಕಾರರೂ ನಾಟಕಕಾರರೂ ಬರೆದರು, ನಿಜ. ಆದರೆ ಕತೆಗಾರರಲ್ಲದ ಸಾಮಾನ್ಯ ಜನ, ‘ಏನ್ ಗುರು, ಊಟ ಆಯ್ತಾ, ಸಕ್ಕತ್ತಾಗಿತ್ತು ಕಣೋ’ ಎಂದು ಬಾಯಿಗೆ ಬಂದದ್ದನ್ನು ಬಾಯಿಗೆ ಬಂದ ಹಾಗೇ, ದಿನವೂ, ಒಬ್ಬರಿಗೊಬ್ಬರು ಬರೆದುಕೊಂಡದ್ದು ಈ ಕೋಣೆಗಳ ಕಾಲದಲ್ಲಿ. ಮಂಗಳೂರಿನವನ ‘ಎಂತ ಮಾರಾಯ’ಕ್ಕೆ ಧಾರವಾಡದವನ ‘ಯಾಕಲೇ’ ಎದುರುಬದುರು ಕೂತಿತು. ನಮ್ಮ ನಮ್ಮ ಊರಿನ ಮಾತಿಗೆ ಬರಹದ ರೂಪ ಹೇಗಿರುತ್ತದೆಂದು ನಾವು ಕಂಡದ್ದು ಮೊದಲು ಪರರ ಲಿಪಿಯಲ್ಲಿ. ಆಮೇಲೆ ಬಂದ ಎಸ್‌ಎಂಎಸ್ಸು ಇದೇ ಜಾಡು ಹಿಡಿಯಿತು. ಇವತ್ತು ಕನ್ನಡ ಕೀಲಿಮಣೆ ಕೈಯಲ್ಲೇ ಇದ್ದರೂ ಮಗಳು ‘ಊಟ ಆಯ್ತಾ ಅಪ್ಪ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಕಳಿಸುತ್ತಾಳಲ್ಲ, ಆ ರೂಢಿಯ ಬೇರು ಇಲ್ಲಿದೆ.

ಈಗಂತೂ ಐಆರ್‌ಸಿಯಲ್ಲಿ ಕನ್ನಡ ಲಿಪಿಯಲ್ಲೇ ಬರೆಯಬಹುದು, ತಡೆಯಿಲ್ಲ. ಆದರೆ ತೆರಿಗೆ ಇದೆ. ಒಂದು ಸಾಲಿಗೆ ಒಟ್ಟು 512 ಬೈಟು ಮಾತ್ರ ಎಂಬುದು ಹಳೆಯ ನಿಯಮ, ವಿಳಾಸವೂ ಅದರೊಳಗೇ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು. ‘ಚಿಕ್ಕಪೇಟೆ’ ಬರೆಯಲು ಒಂಬತ್ತು ಸಂಕೇತ ಬೇಕು: ಚ, ಗುಡಿಸು, ಕ, ವಿರಾಮ, ಮತ್ತೆ ಕ, ಹೀಗೆ. ಅಂದರೆ 27 ಬೈಟು. ಇಂಗ್ಲಿಷಿನಲ್ಲಿ ಎಂಟೇ. ನಮ್ಮ ವಾಕ್ಯ ಮುಗಿಯುವ ಮುಂಚೆಯೇ ಸಾಲು ಮುಗಿದು ಬಾಲ ಕತ್ತರಿಸಿಹೋಗುತ್ತದೆ.

ಇನ್ನು ಈ ಕಟ್ಟೆಯ ರಾಜಕೀಯ. ಯಾರದೂ ಅಲ್ಲದ ಜಾಗದಲ್ಲಿ ಜಗಳ ಹೆಚ್ಚು. 1990ರಲ್ಲಿ ಅಮೆರಿಕದ ಬರ್ಕ್ಲಿಯ ಒಂದು ಸರ್ವರ್, ಯಾರು ಬೇಕಾದರೂ ಕೇಳದೆಯೇ ತನಗೆ ತಂತಿ ಹೆಣೆಯಬಹುದೆಂದು ಬಾಗಿಲು ತೆರೆದಿಟ್ಟಿತು. ಇದರಿಂದ ಉಪದ್ರವ ಎಂದವರು ಆ ಸರ್ವರನ್ನು ಬಿಟ್ಟು ಬೇರೆಯಾದರು. ಆ ಸರ್ವರಿನ ಹೆಸರು ‘ಎರಿಸ್’, ಗ್ರೀಕರ ಕಲಹದೇವತೆ. ಎರಿಸ್ ಇಲ್ಲದ ಜಾಲಕ್ಕೆ ‘ಎಫ್‌ನೆಟ್’ ಎಂದೇ ಹೆಸರಾಯಿತು. 1996ರ ಜುಲೈನಲ್ಲಿ ಅದೂ ಒಡೆದು ಯೂರೋಪಿನವರು ಬಹುಪಾಲು ‘ಐಆರ್‌ಸಿನೆಟ್’ ಆಗಿ ಹೋದರು. ಒಡೆದ ಕೋಣೆಗೆ ಯಜಮಾನರು ಯಾರೆಂದು ಹೇಗೆ ತೀರ್ಮಾನಿಸಬೇಕು ಎಂಬುದೇ ಅವರ ಜಗಳದ ಒಂದು ಮುಖ್ಯ ಎಳೆ. ಮಠಗಳ ಪೀಠದ ವ್ಯಾಜ್ಯ ಕೇಳಿ ಬೆಳೆದ ನಮಗೆ ಇದೇನೂ ಹೊಸದಲ್ಲ ಬಿಡಿ.

ಆದರೆ ಗಮನಿಸಿ, ಜಗಳವಾದಾಗ ಎದ್ದುಹೋಗಲು ಸಾಧ್ಯವಿತ್ತು. ತೀರ ಈಚಿನ ಉದಾಹರಣೆ ಕೊಡುತ್ತೇನೆ. ಲಿನಕ್ಸ್ ಮುಂತಾದ ಮುಕ್ತ ತಂತ್ರಾಂಶದವರಿಗೆ ದೊಡ್ಡ ಕಟ್ಟೆಯಾಗಿದ್ದದ್ದು ‘ಫ್ರೀನೋಡ್’. 2001ರ ಡಿಸೆಂಬರಿನಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಸಭಾಂಗಣದಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ನಡೆದಾಗ, ಅಲ್ಲಿ ಸೇರಿದ ತರುಣರಲ್ಲಿ ಎಷ್ಟೋ ಮಂದಿ ಮುಖ ನೋಡುವ ಮುಂಚೆ ಅಡ್ಡಹೆಸರಿನಿಂದಲೇ ಪರಿಚಿತರಾಗಿದ್ದರು. 2017ರಲ್ಲಿ ಆ ಫ್ರೀನೋಡಿನ ಹೆಸರಿನ ಕಂಪನಿ ಒಬ್ಬ ಉದ್ಯಮಿಯ ಕೈಸೇರಿತು. 2021ರ ಮೇ ತಿಂಗಳಲ್ಲಿ, ಜಾಲದ ಹತೋಟಿ ಯಾರದು ಎಂಬ ವಿವಾದ ಸಿಡಿದು, ಸಂಬಳವಿಲ್ಲದೆ ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ರಾಜೀನಾಮೆ ಕೊಟ್ಟು, 19ನೇ ತಾರೀಕು ‘ಲಿಬೆರಾ ಚಾಟ್’ ಎಂಬ ಹೊಸ ಕಟ್ಟೆ ಕಟ್ಟಿದರು. ಕೆಲವೇ ವಾರಗಳಲ್ಲಿ ಉಬುಂಟು, ವಿಕಿಮೀಡಿಯ ಮೊದಲಾದವರು ಚಾಪೆ ಸುತ್ತಿಕೊಂಡು ಅಲ್ಲಿಗೆ ನಡೆದರು. ನಿಯಮ ಎಲ್ಲರದಾಗಿತ್ತು, ಕ್ರಮವಿಧಿ ಎಲ್ಲರದಾಗಿತ್ತು. ಬದಲಾಯಿಸಬೇಕಾದದ್ದು ವಿಳಾಸ ಮಾತ್ರ. ಇವತ್ತು ನಿಮ್ಮ ಬಳಗದ ವಾಟ್ಸಪ್ ಗುಂಪಿನವರೆಲ್ಲ ಆ ಕಂಪನಿಯ ಮೇಲೆ ಮುನಿಸಿಕೊಂಡರೆ ಹೀಗೆ ಎದ್ದುಹೋಗಲು ಬರುತ್ತದೆಯೇ? ಸೋದರತ್ತೆಯನ್ನು ಒಪ್ಪಿಸುವುದೇ ಆಗುವುದಿಲ್ಲ.

ಐಆರ್‌ಸಿಯನ್ನು ಮುಗಿಸಿದ್ದು ಜಗಳವಲ್ಲ, ಸೌಕರ್ಯ. 1996ರ ಐಸಿಕ್ಯು, 1998ರ ಯಾಹೂ ಮೆಸೆಂಜರ್ ಬಂದವು. ಚಿತ್ರ, ಗಂಟೆ, ಬಣ್ಣ ತಂದವು. ಅವೂ ಈಗ ಇಲ್ಲ. ಯಾಹೂವಿನದು 2018ರಲ್ಲಿ ಮುಚ್ಚಿತು, ಐಸಿಕ್ಯು 2024ರಲ್ಲಿ. ಕಂಪನಿ ಬಾಗಿಲು ಹಾಕಿದ ದಿನ ಅವುಗಳ ಕೋಣೆಗಳೂ ಹೋದವು. ಬಡಕಲು ಐಆರ್‌ಸಿ ಮಾತ್ರ ಇನ್ನೂ ಉಸಿರಾಡುತ್ತಿದೆ. ನಮ್ಮ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಬಳಸುವ ‘ಸ್ಲ್ಯಾಕ್’ ಇದೆಯಲ್ಲ, ಅದು ಒಂದು ಆಟದ ಕಂಪನಿಯವರು ತಮ್ಮೊಳಗೆ ಐಆರ್‌ಸಿಯ ಮೇಲೆ ಕಟ್ಟಿಕೊಂಡಿದ್ದ ಏರ್ಪಾಟಿನಿಂದ ಬೆಳೆದದ್ದು. 2007ರಲ್ಲಿ ಟ್ವಿಟರಿಗೆ ‘#’ ಗುರುತನ್ನು ಸೂಚಿಸಿದವನೂ ಅದನ್ನು ತೆಗೆದುಕೊಂಡದ್ದು ಈ ಕೋಣೆಗಳ ಹೆಸರಿನಿಂದಲೇ. ಚುನಾವಣೆಯ ಬ್ಯಾನರಿನ ಮೇಲೂ ಈಗ ಅದು ರಾರಾಜಿಸುತ್ತದೆ.

ಕಡೆಯದಾಗಿ ಒಂದು ತೊಡಕನ್ನು ನಿಮ್ಮ ಮುಂದಿಡುತ್ತೇನೆ. ಜಾಲಕ್ಕೆ ನೆನಪಿಲ್ಲ ಎಂದೆನಲ್ಲ, ಕೂತವರಿಗೆ ಇತ್ತು. ಬೇಕೆಂದವರು ತಮ್ಮ ಪರದೆಯ ಮೇಲಿನ ಮಾತನ್ನು ತಮ್ಮ ಯಂತ್ರದಲ್ಲಿ ಬರೆದಿಟ್ಟುಕೊಳ್ಳಬಹುದಿತ್ತು. 1991ರ ಕೊಲ್ಲಿ ಯುದ್ಧದ ರಾತ್ರಿಗಳಲ್ಲಿ, ಅದೇ ವರ್ಷದ ಆಗಸ್ಟ್‌ನಲ್ಲಿ ಮಾಸ್ಕೋದಲ್ಲಿ ಗೋರ್ಬಚೇವ್ ವಿರುದ್ಧ ಕ್ಷಿಪ್ರಕ್ರಾಂತಿಯ ಯತ್ನವಾದಾಗ, ಕೋಣೆಗಳಲ್ಲಿ ಬಿದ್ದ ಸಾಲುಗಳನ್ನು ಯಾರೋ ಹೀಗೆ ಉಳಿಸಿದ್ದರಿಂದ ಅವು ಇವತ್ತಿಗೂ ಓದಲು ಸಿಗುತ್ತವೆ. ನಮ್ಮ ಕನ್ನಡದ ಹರಟೆಯನ್ನು ಉಳಿಸಿದವರು ಯಾರು? ಶಾಸನದ ಕನ್ನಡ ಕಲ್ಲಿನ ಮೇಲಿದೆ, ಪತ್ರಿಕೆಯ ಕನ್ನಡ ಗ್ರಂಥಾಲಯದಲ್ಲಿದೆ. ಸಾಮಾನ್ಯರು ಮಾತನ್ನೇ ಬರಹ ಮಾಡಿಕೊಂಡ ಆ ಹತ್ತು ವರ್ಷದ ಕನ್ನಡ, ಭಾಷಾಶಾಸ್ತ್ರಜ್ಞರು ಹುಡುಕಿದರೂ ಸಿಗುವ ಹಾಗಿಲ್ಲ. ಇದ್ದರೆ ಯಾರದೋ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯಲ್ಲಿ.

ಉಳಿಸಬೇಕು ಎಂದು ಒಂದು ಮನಸ್ಸು. ಆದರೆ ಅವರೆಲ್ಲ ಮಾತಾಡಿದ್ದು, ಈ ಮಾತು ಗಾಳಿಗೆ ಹೋಗುತ್ತದೆ ಎಂದು ನಂಬಿಕೊಂಡು. ಅಪ್ಪನಿಗೆ ಹೇಳಲಾಗದ್ದನ್ನು, ಮದುವೆ ಬೇಡವೆಂಬುದನ್ನು, ಮೊದಲ ಚಳಿಗಾಲದಲ್ಲಿ ಮಿಚಿಗನ್ನಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು ಅತ್ತದ್ದನ್ನು ಹೇಳಿಕೊಂಡಿದ್ದಾರೆ. ಆ ನಂಬಿಕೆಯನ್ನು ಮೂವತ್ತು ವರ್ಷದ ಮೇಲೆ ಸಂಶೋಧನೆಯ ಹೆಸರಿನಲ್ಲಿ ಮುರಿಯಬಹುದೇ? ನನಗೆ ಉತ್ತರ ಹೊಳೆದಿಲ್ಲ.

ನನ್ನಲ್ಲೇ ಇಂಥ ಮೂರು ಫ್ಲಾಪಿಗಳಿವೆ. ಮೇಲೆ ನೀಲಿ ಶಾಯಿಯಲ್ಲಿ ‘ಹರಟೆ’ ಎಂದು ನಾನೇ ಬರೆದಿದ್ದೇನೆ. ಇಷ್ಟು ವರ್ಷ ತೆರೆದಿಲ್ಲ. ಬೂಷ್ಟು ಹಿಡಿದಿದೆಯೋ, ಓದಲು ಬರುತ್ತದೆಯೋ, ನೋಡಿಯಾದರೂ ತೀರ್ಮಾನಿಸೋಣ ಎಂದು ಈಚೆಗೆ ಅನ್ನಿಸಿದೆ. ಎಸ್.ಪಿ. ರಸ್ತೆಯ ಅಂಗಡಿಯವರು ಇಲ್ಲಿ ಇಬ್ಬರು ಮೂವರು ಕೂತಿದ್ದೀರಿ. ಮೂರೂವರೆ ಅಂಗುಲದ ಫ್ಲಾಪಿ ಓದುವ ಡ್ರೈವು ಯಾರ ಗೋದಾಮಿನಲ್ಲಾದರೂ ಉಳಿದಿದ್ದರೆ, ಕಾಫಿಯ ಹೊತ್ತಿಗೆ ದಯವಿಟ್ಟು ನನಗೆ ಹೇಳಿ.